ಕೊಟ್ಟಷ್ಟು ಮಣ್ಣು

ಅಗೆಯಲು ಗೊತ್ತುಮಾಡಿದ್ದ ಆರು ಮಂದಿ ಮೂರು ದಿನದಿಂದ ಗುದ್ದಲಿ ಮುಟ್ಟದೆ ಕಲ್ಲುಗೋಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಸರ್ಕಾರದ ಅಪ್ಪಣೆಪತ್ರ ರೋನತ್ ಟೂಮಿಯ ಚೀಲದಲ್ಲಿತ್ತು. ಅದಕ್ಕೆ ಮೊಹರಿತ್ತು, ಸಹಿಯಿತ್ತು, ಮೂರು ವಾರದ ಗಡುವಿತ್ತು. ಇನಿಶ್‌ದಾರ ದ್ವೀಪದಲ್ಲಿ ಅದು ಯಾವ ಲೆಕ್ಕಕ್ಕೂ ಇರಲಿಲ್ಲ. ಸಂತ ತಾರ್ವಾನನ ಸಮಾಧಿಯ ಮಣ್ಣನ್ನು ಮೊದಲು ಎತ್ತುವ ಕೈ ಮೊಂಗನ್ ಮನೆತನದ ಹಿರಿಯರದೇ ಆಗಿರಬೇಕು. ಆ ಕೈ ಈಗ ಎಪ್ಪತ್ತೊಂಬತ್ತು ವರ್ಷದ ನಾಬ್ಲಾ ಮೊಂಗನ್‌ಳದು. ನಾಬ್ಲಾ ಒಲ್ಲೆ ಎಂದಿದ್ದಳು.

ಸಮಾಧಿಯ ಪಕ್ಕದ ಹಳೆಯ ಇಗರ್ಜಿ ಎಂದರೆ ಅಲ್ಲಿ ಉಳಿದಿದ್ದುದು ಎದೆಯೆತ್ತರದ ಮೂರು ಗೋಡೆ ಮಾತ್ರ. ನಾಲ್ಕನೆಯದನ್ನು ಹೋದ ಚಳಿಗಾಲದ ಬಿರುಗಾಳಿ ಕೆಳಗಿನ ಕಡಲಿಗೆ ಕೆಡವಿತ್ತು. ಮೂಡುಗೋಡೆಯ ಹೊರಗೆ ಸಂತನ ಸಮಾಧಿ: ಎರಡು ಚಪ್ಪಡಿಗಳು ಒಂದಕ್ಕೊಂದು ಒರಗಿ ಡೇರೆಯಂತೆ ನಿಂತಿದ್ದವು, ಎರಡು ತುದಿಗೂ ಮುಕ್ಕೋನದ ಕಲ್ಲು, ಮೂಡಣ ತುದಿಯ ಕಲ್ಲಿನಲ್ಲಿ ಒಂದು ಕೈ ತೂರುವಷ್ಟು ದುಂಡನೆಯ ತೂತು. ಆ ತೂತಿನ ಅಂಚು ಎಷ್ಟು ಕೈಗಳಿಗೆ ಸವೆದಿತ್ತೋ, ಮುಟ್ಟಿದರೆ ಕಲ್ಲೆನಿಸುತ್ತಿರಲಿಲ್ಲ. ಕಡಲಿಗೆ ಹೋಗುವವರು, ಊರು ಬಿಡುವವರು, ಹೆರಿಗೆಗೆ ಕಾದವರು ಎಲ್ಲರಿಗೂ ಕಾವಲಿಗೆಂದು ಅಲ್ಲಿಂದ ಒಂದು ಕಡಲಚಿಪ್ಪಿನಷ್ಟು ಮಣ್ಣು. ಮೂರು ಸಲ ಕೇಳಬೇಕು. ಕಬ್ಬಿಣ ತಾಗಕೂಡದು. ಪ್ರತಿಯಾಗಿ ಏನನ್ನೂ ಕೊಡಕೂಡದು.

ನಾಲ್ಕನೆಯ ದಿನ ಬೆಳಿಗ್ಗೆ ರೋನತ್ ತಾನೇ ಏರು ಹತ್ತಿ ನಾಬ್ಲಾಳ ಮನೆಗೆ ಬಂದಳು. ಕಾರ್ಕ್ ಪಟ್ಟಣದವಳು, ಮೂವತ್ತೆಂಟರ ಪ್ರಾಕ್ತನ ಶಾಸ್ತ್ರಜ್ಞೆ. ಮೊಣಕಾಲಿಗೆ ಕೆಸರು, ಕೂದಲಿಗೆ ಉಪ್ಪುಗಾಳಿ. ಹಿಂದೆ ಫೆಸ್ಟಿ ಲಾವೆಲ್, ನಾಬ್ಲಾಳ ತೀರಿಹೋದ ಗಂಡನ ತಮ್ಮನ ಮಗ. ದ್ವೀಪದ ದೋಣಿ ಅವನದು. ಅಗೆಯುವ ಆರು ಮಂದಿಯಲ್ಲಿ ಅವನೂ ಒಬ್ಬ.

ನಾಬ್ಲಾ ಹೊಸ್ತಿಲಲ್ಲಿ ಕೂತು ಬಂಗುಡೆ ಸೀಳುತ್ತಿದ್ದಳು.

"ಬಾ ಮಗಳೇ, ಕೂತ್ಕೋ. ಚಹಾ ಕೊಡ್ತೀನಿ. ಮಣ್ಣು ಕೊಡಲ್ಲ."

"ನೋಡಿದ್ರಾ ಡಾಕ್ಟ್ರೇ?" ಎಂದ ಫೆಸ್ಟಿ. "ನಾನು ದೋಣೀಲೇ ಹೇಳ್ದೆ. ನಮ್ಮ ದೊಡ್ಡಮ್ಮನ ಮುಂದೆ ಬಂಡೆನೇ ಮೆತ್ತಗೆ."

"ನೀನು ಬಾಯಿ ಮುಚ್ಕೊಂಡು ಈ ಮೀನಿನ ತಲೆಗಳನ್ನ ಬೆಕ್ಕಿಗೆ ಹಾಕು. ಅದಾದ್ರೂ ಕೆಲಸ ಮಾಡಿದ ಹಾಗಾಗತ್ತೆ."

ರೋನತ್ ಕೂತಳು. "ಒತ್ತಾಯ ಮಾಡೋಕೆ ಬಂದಿಲ್ಲ ಅಮ್ಮ. ಒಂದು ಮಾತು ಹೇಳಿ ಹೋಗ್ತೀನಿ. ಹೋದ ವರ್ಷ ಸಮಾಧಿಯಿಂದ ದಡದ ಅಂಚಿಗೆ ಇಪ್ಪತ್ತು ಹೆಜ್ಜೆ ಇತ್ತು. ಇವತ್ತು ಬೆಳಿಗ್ಗೆ ಅಳೆದೆ, ಏಳು. ಮುಂದಿನ ಚಳಿಗಾಲ ಕಳಿಯೋದ್ರೊಳಗೆ ಅದು ನೀರುಪಾಲು."

"ಆಗ್ಲಿ. ಸಮುದ್ರ ಯಾರ ಗುಟ್ಟನ್ನೂ ಹೊರಗೆ ಹಾಕಲ್ಲ."

"ಯಾವ ಗುಟ್ಟು?"

ನಾಬ್ಲಾಳ ಕೈಯ ಚಾಕು ಒಂದು ಕ್ಷಣ ನಿಂತು ಮತ್ತೆ ನಡೆಯಿತು. "ಸತ್ತೋರಿಗೆ ನೂರೆಂಟು ಗುಟ್ಟು ಇರತ್ತೆ."

"ದೊಡ್ಡಮ್ಮ," ಎಂದ ಫೆಸ್ಟಿ, "ನೀನು ಒಂದೇ ಒಂದು ಹುಲ್ಲುಹೆಂಟೆ ಎತ್ತು, ಸಾಕು. ಉಳಿದಿದ್ದಕ್ಕೆ ನಾವು ಆರು ಜನ ಇದೀವಿ."

"ಇದೀರಿ. ಆರು ಜನಕ್ಕೂ ಸೇರಿ ಒಂದು ಬೆನ್ನೆಲುಬಿಲ್ಲ. ಅಗೀಬೇಕು ಅನ್ನಿಸಿದ್ರೆ ಅಗೀರಪ್ಪ, ನಾನೇನು ನಿಮ್ಮ ಕೈ ಹಿಡ್ಕೊಂಡಿದೀನಾ?"

"ಬೆನ್ನೆಲುಬೂ ಇದೆ, ಇಲ್ಲಿ ಇದೂ ಇದೆ." ಅವನು ಎದೆಯ ಜೇಬನ್ನು ತಟ್ಟಿದ. ಎಣ್ಣೆಬಟ್ಟೆಯ ಪುಟ್ಟ ಚೀಲ ಅಲ್ಲಿರುವುದು ನಾಬ್ಲಾಳಿಗೆ ಗೊತ್ತಿತ್ತು. ಅವನು ಮೊದಲ ದೋಣಿ ಕೊಂಡ ದಿನ ಅವಳೇ ತುಂಬಿಕೊಟ್ಟದ್ದು. "ಇದನ್ನ ಇಟ್ಕೊಂಡು ಇಪ್ಪತ್ತೆರಡು ವರ್ಷ ವಾಪಸ್ ಬಂದಿದೀನಿ. ನಿನ್ನ ಕೈ ಮೀರಿ ಆ ಮಣ್ಣು ಮುಟ್ಟು ಅಂದ್ರೆ ಮುಟ್ಟಲ್ಲ. ಹೆದರಿಕೆ ಅಂತ ಬೇಕಾದ್ರೆ ಅನ್ನು."

ಅವರು ಇಳಿದುಹೋದ ಮೇಲೂ ನಾಬ್ಲಾ ಕೈಯಲ್ಲಿದ್ದ ಮೀನನ್ನು ಸೀಳದೆ ಹಾಗೇ ಹಿಡಿದು ಕೂತಿದ್ದಳು.

ಅವಳಿಗೆ ಇಪ್ಪತ್ತೆರಡಾಗಿದ್ದಾಗ ತಂದೆ ತೀರಿಕೊಂಡ. ಕೊನೆಯ ವಾರ ಅವಳನ್ನೊಬ್ಬಳನ್ನೇ ಹಾಸಿಗೆಯ ಬಳಿ ಕರೆದು, ಬೀಸಣಿಗೆಯಾಕಾರದ ಕಡಲಚಿಪ್ಪನ್ನು ಕೈಗೆ ಕೊಟ್ಟ. "ಯಾರಿಗಾದರೂ ಒಂದು ಚಿಪ್ಪು ಕೊಟ್ಟೆಯಾ, ಅವತ್ತೇ ಹೊತ್ತು ಮುಳುಗೋದ್ರೊಳಗೆ ನಮ್ಮ ಬಾವಿ ಹೊಲದಿಂದ ಒಂದು ಚಿಪ್ಪು ಮಣ್ಣು ತಂದು ತೂತಿನೊಳಗೆ ಹಾಕು. ಕೊಟ್ಟಷ್ಟು ಹಾಕು. ಬಾಯಿ ಬಿಡಬೇಡ."

"ಹಾಗಾದ್ರೆ ನಾವು ಕೊಡೋದು ಹೊಲದ ಮಣ್ಣಾ ಅಪ್ಪ?"

ತಂದೆ ಮಾಡಿನ ತೊಲೆಯ ಕಡೆಗೆ ಕಣ್ಣು ತಿರುಗಿಸಿದ. "ಯಾವತ್ತು ಶುರುವಾಯ್ತೋ ನಮ್ಮಪ್ಪನೂ ಹೇಳ್ಲಿಲ್ಲ. ಊರಿಗೆ ಊರೇ ಅಮೆರಿಕದ ಹಡಗು ಹತ್ತಿತಲ್ಲ, ಆ ಕಾಲದಲ್ಲೇ ಇರ್ಬೇಕು. ಅಷ್ಟು ಜನಕ್ಕೆ ಕೊಟ್ಟರೆ ಸಂತನ ಮಣ್ಣು ಎಲ್ಲಿ ಉಳೀತದೆ?"

ಇರಬೇಕು ಎಂದಷ್ಟೇ ಅವನು ಹೇಳಿದ್ದ. ಅವಳ ಎದೆಯಲ್ಲಿ ಅದು ಹೌದು ಎಂದೇ ಇಳಿದು ಐವತ್ತೇಳು ವರ್ಷ ಕಲ್ಲಾಗಿ ಕೂತಿತು. ಅಜ್ಜ ಮೋಸ ಮಾಡಿದ, ಅಪ್ಪ ಮುಚ್ಚಿಟ್ಟ, ನಾನು ಮುಂದುವರಿಸಿದೆ.

ಅದನ್ನೂ ಹೊತ್ತುಕೊಂಡು ಬದುಕಬಹುದಿತ್ತು, ತೈಗ್ ಒಬ್ಬ ಇರದಿದ್ದರೆ. ತೈಗ್ ಲಾವೆಲ್, ಅವಳ ಗಂಡ. ಮದುವೆಯಾದ ಎರಡನೆಯ ವರ್ಷ ಹೊಸ ದೋಣಿ ಇಳಿಸುವ ಮುನ್ನ ಅವನೂ ಪದ್ಧತಿಯಂತೆ ಹೆಂಡತಿಯ ಮುಂದೆ ಟೋಪಿ ತೆಗೆದು ನಿಂತು, ನಗು ತಡೆಯಲಾಗದೆ, ಮೂರು ಸಲ ಕೇಳಿದ್ದ. ಅವಳೂ ನಗುತ್ತಲೇ ಕೊಟ್ಟಿದ್ದಳು. ಹನ್ನೊಂದು ದಿನದ ಮೇಲೆ ಅವನ ದೇಹ ತೆಂಕಣ ಮರಳಿಗೆ ಬಂದಿತು. ಜೇಬಿನ ಚೀಲವನ್ನು ಬಿಚ್ಚಿದಾಗ ಒದ್ದೆ ಮಣ್ಣಿನ ನಡುವೆ ಉಗುರಗಲದ ನೀಲಿ ಪಿಂಗಾಣಿ ಚೂರು ಮಿನುಗಿತು. ಅವಳ ತಾಯಿಯ ತಟ್ಟೆಯದು. ಒಡೆದ ತಟ್ಟೆಯ ಚೂರುಗಳನ್ನು ತಿಪ್ಪೆಗೆ ಹಾಕಿದ್ದೂ, ತಿಪ್ಪೆ ಬಾವಿ ಹೊಲಕ್ಕೆ ಹೋದದ್ದೂ ಅವಳಿಗೆ ನೆನಪಿತ್ತು. ಇಡೀ ದ್ವೀಪ ಸಂತನ ಕಾವಲಿನಲ್ಲಿ ಕಡಲಿಗೆ ಹೋಗುತ್ತಿತ್ತು. ಉಳಿದವರ ಚೀಲದಲ್ಲಿ ಸಂತನ ಮಣ್ಣು ಒಂದಿಷ್ಟಾದರೂ ಬೆರೆತಿರಬಹುದು, ತನ್ನ ಗಂಡನನ್ನು ಮಾತ್ರ ಅವಳು ಬರೀ ಆಲೂಗಡ್ಡೆ ಹೊಲದ ಮಣ್ಣು ಕೊಟ್ಟು ಕಳಿಸಿದ್ದಳು. ಆ ಚೂರು ಈಗಲೂ ಗೂಡಿನ ಡಬ್ಬಿಯಲ್ಲಿತ್ತು. ಅವಳು ಅದನ್ನು ಯಾರಿಗೂ ತೋರಿಸಿರಲಿಲ್ಲ.

ಸಮಾಧಿ ಬಿಚ್ಚಿದರೆ ಅದರ ಸಂಗಾತಿ ಚೂರುಗಳು ಒಂದೊಂದಾಗಿ ಹೊರಬರುತ್ತವೆ. ಬಿಚ್ಚದಿದ್ದರೆ ಕಡಲು ನುಂಗುತ್ತದೆ, ಮೊಂಗನ್ ಮನೆತನದ ಮರ್ಯಾದೆ ಉಳಿಯುತ್ತದೆ. ಇಷ್ಟು ಸರಳವಾಗಿತ್ತು ಲೆಕ್ಕ. ಆದರೆ ಫೆಸ್ಟಿ ಎದೆ ತಟ್ಟಿಕೊಂಡ ಸದ್ದು ಕಿವಿಯಿಂದ ಹೋಗಲೊಲ್ಲದು. ನಲವತ್ತೇಳರ ಗಂಡಸು, ಕಡಲನ್ನು ಅಂಗೈಯಂತೆ ಬಲ್ಲವನು, ಅವಳ ಸುಳ್ಳಿಗೆ ಹೆದರಿ ಗೋಡೆಯ ಮೇಲೆ ಕೈಕಟ್ಟಿ ಕೂತಿದ್ದಾನೆ. ಗುಟ್ಟನ್ನು ಕಡಲಿಗೆ ಬಿಟ್ಟರೆ ಅದನ್ನು ಹೊತ್ತು ತಿರುಗುವವನು ಅವನು.

ನಾಬ್ಲಾ ಎದ್ದು ಕೈ ತೊಳೆದಳು. ಮೀನಿಗೆ ಉಪ್ಪು ಹಾಕಿದಳು. ಮರುದಿನ ಹಾಕಿಕೊಳ್ಳಲು ಪ್ರಾರ್ಥನೆಯ ದಿನದ ಕಪ್ಪು ಕೋಟನ್ನು ತೆಗೆದು ಕುರ್ಚಿಯ ಬೆನ್ನಿಗೆ ತೂಗುಹಾಕಿದಳು.

ಐದನೆಯ ದಿನ ಒಂಬತ್ತು ಗಂಟೆಗೆ ಅವಳು ಇಳಿಜಾರಿನಲ್ಲಿ ಕಾಣಿಸಿಕೊಂಡಾಗ ಗೋಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಟೋಪಿ ತೆಗೆದು ಎದ್ದರು. ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಚಿಪ್ಪು. ಮೊಣಕಾಲು ಪ್ರತಿ ಹೆಜ್ಜೆಗೂ ಬೇಡವೆನ್ನುತ್ತಿತ್ತು. ಅವಳು ಅದರ ಮಾತನ್ನು ಕೇಳಲಿಲ್ಲ. ಸಮಾಧಿಯ ಬಳಿ ಬಂದು, ಉಸಿರು ಹಿಡಿತಕ್ಕೆ ಬರುವವರೆಗೆ ಚಪ್ಪಡಿಗೆ ಕೈಯೂರಿ ನಿಂತಳು.

"ಎಲ್ಲಾ ಟೋಪಿ ಹಾಕ್ಕೊಳ್ಳಿ," ಎಂದಳು. "ನಾನು ಹೇಳೋದು ಕೇಳಿದ ಮೇಲೆ ತೆಗೀಬೇಕು ಅನ್ನಿಸಿದ್ರೆ ತೆಗೀರಂತೆ. ಇದರೊಳಗಿರೋದು ಸಂತನ ಮಣ್ಣಲ್ಲ. ನಮ್ಮ ಬಾವಿ ಹೊಲದ್ದು. ನಾನು ಹಾಕಿದೀನಿ, ನಮ್ಮಪ್ಪ ಹಾಕಿದಾನೆ, ನಮ್ಮಜ್ಜ ಹಾಕಿದಾನೆ. ಕೊಟ್ಟಷ್ಟೂ ಹೊಲದಿಂದ ತಂದು ತುಂಬಿದೀವಿ. ನಿಮ್ಮೆಲ್ಲರ ಜೇಬಲ್ಲಿರೋದೂ ಅದೇ. ನಿಮ್ಮ ಅಪ್ಪಂದಿರ ಜೇಬಲ್ಲಿದ್ದದ್ದೂ ಅದೇ."

ಗಾಳಿ ಹುಲ್ಲನ್ನು ಒಂದು ಕಡೆಗೆ ಬಾಚಿತು. ಕೆಳಗೆ ಅಲೆಯೊಂದು ಬಂದು ಹೋಯಿತು.

ಗೋಡೆಯ ತುದಿಯಲ್ಲಿದ್ದ ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡ. "ಅದಕ್ಕೇ ನನ್ನ ಕೋಟಿನ ಜೇಬಲ್ಲಿ ಮೊಳಕೆ ಬರ್ತಿತ್ತು," ಎಂದ. ಇಬ್ಬರು ನಕ್ಕರು; ನಕ್ಕಿದ್ದು ತಪ್ಪೇನೋ ಎಂಬಂತೆ ಸುಮ್ಮನಾದರು.

ಫೆಸ್ಟಿ ನಗಲಿಲ್ಲ. "ನಂದೂ?"

"ನಿಂದೂ."

"ತೈಗ್ ದೊಡ್ಡಪ್ಪಂದು?"

"ಅವನದ್ದೇ ಮೊದಲು ಅಂತ ಇಟ್ಕೋ." ಅವಳ ದನಿ ಒಡೆಯಲಿಲ್ಲ, ಒಡೆಯಬಾರದೆಂದು ಮನೆಯಿಂದಲೇ ಅವಳು ಪಣತೊಟ್ಟು ಬಂದಿದ್ದಳು.

ಅವನು ಎದೆಯ ಚೀಲ ತೆಗೆದು, ಅಂಗೈಯಲ್ಲಿ ತೂಗಿ ನೋಡಿದ. ಅಂಚಿನವರೆಗೆ ಏಳು ಹೆಜ್ಜೆ ನಡೆದು ಅದನ್ನು ಕಡಲಿಗೆ ಎಸೆದ. "ಇಪ್ಪತ್ತೆರಡು ವರ್ಷ," ಎಂದ. "ಒಂದು ದಿನನಾದ್ರೂ ಹೇಳ್ಬಹುದಿತ್ತು ದೊಡ್ಡಮ್ಮ." ತಿರುಗಿ ನೋಡದೆ ದೋಣಿಕಟ್ಟೆಯ ಕಡೆಗೆ ಇಳಿದುಹೋದ.

ಯಾರೋ ಅವನನ್ನು ಕೂಗಿದರು. "ಬಿಡಿ," ಎಂದಳು ನಾಬ್ಲಾ. "ಅವನ ಸಿಟ್ಟು ಅವನ ಸ್ವತ್ತು."

ರೋನತ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೀವು ಹೇಳದೆ ಇದ್ದಿದ್ರೂ ನನ್ನ ಕರಣೆ ಹೇಳ್ತಿತ್ತು ಅಮ್ಮ."

"ಗೊತ್ತು. ಅದಕ್ಕೇ ಅದಕ್ಕಿಂತ ಮೊದಲು ನಾನು ಹೇಳ್ದೆ." ನಾಬ್ಲಾ ಬಾಗಿ, ಚಿಪ್ಪಿನ ಅಂಚಿನಿಂದ ಹುಲ್ಲಿನ ಬೇರು ಕತ್ತರಿಸಿ, ಮೊದಲ ಹೆಂಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಈಗ ಅಗೀರಿ. ನಾಲ್ಕು ದಿನ ದಂಡವಾಗಿದೆ."

ಅಂದಿನಿಂದ ಅವಳು ಪ್ರತಿದಿನ ಬಂದಳು. ಯಾರೋ ಮೂರುಕಾಲಿನ ಮಣೆ ತಂದಿಟ್ಟರು. ಒಂದು ಪಕ್ಕದ ಚಪ್ಪಡಿಯನ್ನು ಹಗ್ಗ ಕಟ್ಟಿ ಸರಿಸಿದ ಮೇಲೆ ಒಳಗಿನ ಮಣ್ಣು ಕತ್ತರಿಸಿದ ರೊಟ್ಟಿಯಂತೆ ಅಡ್ಡಲಾಗಿ ಕಾಣತೊಡಗಿತು. ರೋನತ್ ಬೆರಳಗಲ ಬೆರಳಗಲ ಕೆರೆಯುತ್ತ, ಜರಡಿ ಹಿಡಿಯುತ್ತ, ಬರೆದುಕೊಳ್ಳುತ್ತ ಇಳಿದಳು. ಮೊದಲ ಗೇಣಿನಲ್ಲಿ ನೀಲಿ ಚೂರುಗಳು ಬಂದವು. ನಾಬ್ಲಾ ಡಬ್ಬಿಯಿಂದ ತನ್ನದನ್ನು ತೆಗೆದು ಅವುಗಳ ಪಕ್ಕದಲ್ಲಿಟ್ಟಳು. "ನಮ್ಮಮ್ಮನ ತಟ್ಟೆ. ಹಂಸದ ಕತ್ತು ಇರ್ಬೇಕು ನೋಡು, ನಾನೇ ಒಡೆದಿದ್ದು." ಹಂಸದ ಕತ್ತು ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಬಿಳಿಮಣ್ಣಿನ ತಂಬಾಕು ಕೊಳವೆಯ ತುಂಡುಗಳೂ ಬಂದವು, ಅವು ಅಜ್ಜನವು. ಪ್ರತಿ ತುಂಡಿಗೂ ಅವಳು ಒಪ್ಪಿಗೆ ಕೊಡುವಂತೆ ತಲೆಯಾಡಿಸುತ್ತಿದ್ದಳು.

ಎರಡನೆಯ ಗೇಣಿನಲ್ಲಿ ಪಿಂಗಾಣಿ ನಿಂತಿತು. ಕೊಳವೆ ನಿಂತಿತು. ಮಣ್ಣು ಮಾತ್ರ ಬದಲಾಗಲಿಲ್ಲ.

ರೋನತ್ ಜರಡಿ ಬಿಟ್ಟು ಏಳಲಿಲ್ಲ. ಚಹಾ ತಣ್ಣಗಾದರೂ ಮುಟ್ಟಲಿಲ್ಲ. ಮೂರನೆಯ ಗೇಣು ಮುಗಿದ ಸಂಜೆ ಅವಳು ಒಂದು ಹಿಡಿ ತಂದು ನಾಬ್ಲಾಳ ಅಂಗೈಯಲ್ಲಿಟ್ಟಳು. "ಇದೇನು ಅಂತ ನೀವು ಹೇಳಿ. ನಾನು ಏನೂ ಅನ್ನಲ್ಲ."

ನಾಬ್ಲಾ ಬೆರಳುಗಳ ನಡುವೆ ತಿಕ್ಕಿದಳು, ಮೂಸಿದಳು, ನಾಲಿಗೆಯ ತುದಿಗೆ ತಾಗಿಸಿದಳು. "ಮರಳಿದೆ. ಕಡಲಪಾಚಿ ಕೊಳೆತಿದ್ದು. ಬೂದಿ. ಚಿಪ್ಪಿನ ಪುಡಿ." ಅವಳು ತಲೆಯೆತ್ತಿದಳು. "ಹೊಲದ ಮಣ್ಣು ಇದು. ಈ ದ್ವೀಪದಲ್ಲಿ ದೇವರು ಮಣ್ಣೇ ಇಡ್ಲಿಲ್ಲ ಮಗಳೇ, ಬರೀ ಬಂಡೆ ಇಟ್ಟ. ಇರೋದೆಲ್ಲ ಬೆನ್ನ ಮೇಲೆ ಹೊತ್ತು ಮಾಡಿದ್ದು. ಇದನ್ನ ಎಲ್ಲಿಂದ ತೆಗೆದೆ?"

"ಮೊಣಕೈ ಆಳಕ್ಕಿಂತ ಕೆಳಗಿಂದ. ನಿಮ್ಮಜ್ಜನ ಕೈ ಎಟುಕಿರಲ್ಲ."

"ಹಾಗಾದ್ರೆ ಯಾರ ಕೈ ಎಟುಕಿತ್ತು?"

"ಅದೇ ನನಗೂ ಬೇಕಾಗಿರೋದು," ಎಂದಳು ರೋನತ್.

ಗಡುವಿಗೆ ಎರಡು ದಿನ ಉಳಿದಿರುವಾಗ ತಳ ಸಿಕ್ಕಿತು. ತಳವೆಂದರೆ ಬೋಳು ಬಂಡೆ. ಅದರ ಮೇಲೆ ಒಂದು ಮಗ್ಗುಲಿಗೆ ಸೇರಿಸಿಟ್ಟ ಕೆಲವು ಮೂಳೆಗಳು, ಕಂದಿದವು, ಒಬ್ಬ ಸಣ್ಣ ಆಳಿನವು. ಮೂಳೆಗಳ ಸುತ್ತ ಕೂಡ ಅದೇ ಕಪ್ಪು ಮರಳುಮಣ್ಣು. ಅದರಲ್ಲಿ ಸುಟ್ಟು ಕರಿಕಾದ ಬಾರ್ಲಿಯ ಕಾಳುಗಳು. ತೂತಿನ ನೇರ ಕೆಳಗೆ ಒಂದು ಚಿಪ್ಪು. ಬೀಸಣಿಗೆಯಾಕಾರದ್ದು. ರೋನತ್ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ನಾಬ್ಲಾ ತನ್ನ ಚಿಪ್ಪನ್ನು ಮಡಿಲಿನಿಂದ ತೆಗೆದು ಪಕ್ಕಕ್ಕೆ ಹಿಡಿದಳು. ಎರಡರ ಬಲ ಅಂಚೂ ಸವೆದಿತ್ತು. ಬಲಗೈಯಲ್ಲಿ ಹಿಡಿದು, ಕಲ್ಲಿನ ತೂತಿನೊಳಗೆ ಓರೆಯಾಗಿ ತೂರಿಸಿ, ಮಣ್ಣು ತೋಡುವವರಿಗೆ ಮಾತ್ರ ಹಾಗೆ ಸವೆಯುತ್ತದೆ. ಅದು ಅವಳ ಮಣಿಕಟ್ಟಿಗೆ ಗೊತ್ತಿತ್ತು.

"ಎಷ್ಟು ಹಳೇದು?" ಅವಳ ದನಿ ಪಿಸುಮಾತಿಗಿಳಿದಿತ್ತು.

"ಈಗ ಹೇಳಲ್ಲ ಅಮ್ಮ. ನನ್ನ ಮನಸ್ಸು ಹೇಳ್ತಿರೋದನ್ನ ನಾನು ನಂಬಬಾರದು. ಕಾಳು ಪರೀಕ್ಷೆಗೆ ಹೋಗ್ಲಿ."

"ಹೇಳ್ಬೇಡ. ಐವತ್ತೇಳು ವರ್ಷ ಕಾದವಳಿಗೆ ಒಂದು ಚಳಿಗಾಲ ಯಾವ ಮಹಾ."

ಆ ಚಳಿಗಾಲ ಫೆಸ್ಟಿ ಅವಳ ಮನೆಗೆ ಬರಲಿಲ್ಲ. ಸೌದೆಯನ್ನು ಅವಳಿಲ್ಲದ ಹೊತ್ತು ನೋಡಿ ಬಾಗಿಲ ಬಳಿ ಇಟ್ಟುಹೋಗುತ್ತಿದ್ದ. ಅವನ ದೋಣಿ ಹೊರಟ ದಿನಗಳಲ್ಲಿ ಅವಳು ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಜನವರಿಯ ಮೂರನೆಯ ವಾರ ಎರಡು ಹಗಲು ಎರಡು ರಾತ್ರಿ ಬೀಸಿದ ಬಿರುಗಾಳಿ ನಿಂತಾಗ, ಇಗರ್ಜಿಯ ಜಾಗದಲ್ಲಿ ಆಕಾಶವಿತ್ತು. ಚಪ್ಪಡಿಗಳು ಹೋಗಿದ್ದವು; ತೂತಿನ ಕಲ್ಲು ಮಾತ್ರ, ರೋನತ್ ಮೊದಲೇ ಸಾಗಿಸಿದ್ದರಿಂದ, ಮೂಳೆಗಳ ಜೊತೆ ಪಟ್ಟಣದಲ್ಲಿತ್ತು. ನಾಬ್ಲಾ ಅಂಚಿಗೆ ಹೋಗಿ ನಿಂತು ನೋಡಿದಳು. ಅಳು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಹೋಗುವ ಮೊದಲು ತೆರೆದು ನೋಡಿದ್ದೆವು, ಅಷ್ಟು ಸಾಕು ಎನಿಸಿತು.

ಮಾರ್ಚ್‌ನಲ್ಲಿ ರೋನತ್ ಪತ್ರ ಬರೆಯಲಿಲ್ಲ, ತಾನೇ ಬಂದಳು. ಕರೆತಂದ ಫೆಸ್ಟಿ ಅಂಗಳದಾಚೆಯ ಗೋಡೆಗೆ ಒರಗಿ ನಿಂತ.

"ಬಾರ್ಲಿಗೆ ಸಾವಿರದ ಮುನ್ನೂರು ವರ್ಷ," ಎಂದಳು ರೋನತ್. "ಐವತ್ತು ವರ್ಷ ಹಿಂದೆಮುಂದೆ ಇರ್ಬಹುದು. ಸಮಾಧಿ ಮಾಡಿದ ಕಾಲದ್ದೇ. ಬುಡದ ಮೊದಲನೇ ಹಿಡಿಯಿಂದ ಮೇಲಿನ ಹುಲ್ಲಿನವರೆಗೆ ಬೇರೆ ಮಣ್ಣೇ ಇಲ್ಲ ಅಮ್ಮ. ನಡುವಿನ ಕಾಳುಗಳಿಗೆ ಎಂಟುನೂರು, ಐನೂರು, ಇನ್ನೂರು... ಪ್ರತಿ ಕಾಲದ್ದೂ ಇದೆ. ನಿಮ್ಮ ಬಾವಿ ಹೊಲದ್ದೇ ಅಂತ ನಾನು ಬರೆಯೋಕಾಗಲ್ಲ, ಪ್ರತಿ ಸಲ ನಿಮ್ಮ ಮನೆಯೋರೇ ಹಾಕಿದ್ರು ಅಂತನೂ ಇಲ್ಲ. ಆದ್ರೆ ಅದು ಈ ದ್ವೀಪದ ಹೊಲದ ಮಣ್ಣು. ತೆಗೆದ ಹಾಗೆಲ್ಲ ಯಾರೋ ತುಂಬ್ತಾನೇ ಬಂದಿದಾರೆ. ಇಷ್ಟಕ್ಕೆ ನಾನು ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

"ಸಂತನದ್ದು ಅಂತ ಬೇರೆ ಮಣ್ಣು?"

"ಇರ್ಲೇ ಇಲ್ಲ."

ನಾಬ್ಲಾ ಕಿಟಕಿಯಾಚೆ ನೋಡಿದಳು. ಅಜ್ಜ ಮೋಸಗಾರನಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಮೊದಲು ನೆನಪಾದದ್ದು ತೈಗ್, ಟೋಪಿ ಕೈಯಲ್ಲಿ ಹಿಡಿದು ನಗು ಅದುಮುತ್ತಿದ್ದವನು. ಅವನಿಗೆ ಕೊಟ್ಟದ್ದು ಉಳಿದವರಿಗೆ ಕೊಟ್ಟದ್ದಕ್ಕಿಂತ ಎಳ್ಳಷ್ಟೂ ಕಡಿಮೆಯದಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲವರು ಮರಳಿ ಬಂದರು, ಅವನು ಬರಲಿಲ್ಲ. ಅಲ್ಲಿಗೆ ನಿಂತಿತು. ಆ ಮಾತಿನ ಮುಂದೆ ಸೇರಿಸಲು ಅವಳ ಬಳಿ ಐವತ್ತನಾಲ್ಕು ವರ್ಷ ಒಂದು ಅಪರಾಧವಿತ್ತು, ಈಗ ಏನೂ ಇರಲಿಲ್ಲ. ಇಲ್ಲದಿರುವುದೂ ಒಂದು ಭಾರ, ಆದರೆ ಹೊರಬಹುದಾದದ್ದು.

ಹೊರಗೆ ಕೆಮ್ಮು ಕೇಳಿಸಿತು. ಫೆಸ್ಟಿ ಹೊಸ್ತಿಲಿಗೆ ಬಂದಿದ್ದ. ಟೋಪಿ ಕೈಯಲ್ಲಿತ್ತು.

"ದೊಡ್ಡಮ್ಮ, ಒಂದು ಚಿಪ್ಪು ಮಣ್ಣು ಕೊಡು."

ಮೂರು ಸಲ ಕೇಳುವವರೆಗೆ ಅವಳು ಉತ್ತರಿಸಕೂಡದು.

"ಒಂದು ಚಿಪ್ಪು ಮಣ್ಣು ಕೊಡು ದೊಡ್ಡಮ್ಮ." ತುಸು ತಡೆದು, "ಮೂರನೇದು ಕೇಳೋಕೆ ಮೊದಲು ಹೇಳ್ಬಿಡ್ತೀನಿ. ಆವತ್ತು ಎಸೆದಿದ್ದು ಮಣ್ಣಿನ ಮೇಲಿನ ಸಿಟ್ಟಿಗಲ್ಲ. ಒಬ್ಬಳೇ ಹೊತ್ಕೊಂಡಿದ್ಯಲ್ಲ, ಅದಕ್ಕೆ. ಹೂಂ. ಒಂದು ಚಿಪ್ಪು ಮಣ್ಣು ಕೊಡು."

"ಚಳಿಗಾಲವೆಲ್ಲ ಇದನ್ನ ಉರು ಹಾಕಿದ್ಯೇನೋ?"

"ಹಾಕ್ದೆ. ದೋಣೀಲಿ ಕೇಳೋರು ಯಾರೂ ಇರ್ಲಿಲ್ಲ."

ನಾಬ್ಲಾ ಚಿಪ್ಪು ತೆಗೆದುಕೊಂಡು ಎದ್ದಳು. ಹಿತ್ತಿಲಿನ ಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಎಷ್ಟು ಸಲ ಹೋಗಿದ್ದಳೋ ಆ ಹೊಲಕ್ಕೆ ಈಗ ಮುಂಬಾಗಿಲಿನಿಂದ, ಹಾಡಹಗಲಲ್ಲಿ, ಇಬ್ಬರನ್ನು ಹಿಂದೆ ಕರೆದುಕೊಂಡು ನಡೆದಳು. ಬಾವಿಯ ಪಕ್ಕದಲ್ಲಿ ಬಾಗಿ ಚಿಪ್ಪನ್ನು ತುಂಬಿ, ಅವನು ಹಿಡಿದ ಹೊಸ ಎಣ್ಣೆಬಟ್ಟೆಯ ಚೀಲಕ್ಕೆ ಸುರಿದಳು. ಅವನು ಬಾಯಿ ಕಟ್ಟಿ ಎದೆಯ ಜೇಬಿಗಿಟ್ಟುಕೊಂಡ.

"ಇದೆಲ್ಲ ಸರಿ," ಎಂದ. "ಕೊಟ್ಟಷ್ಟು ಈಗ ಎಲ್ಲಿ ಹಾಕ್ತೀ? ಸಮಾಧಿನೇ ಇಲ್ವಲ್ಲ."

ನಾಬ್ಲಾ ಗೋಡೆಗೆ ಒರಗಿಸಿದ್ದ ಬೆನ್ನುಬುಟ್ಟಿಯನ್ನು ಊರುಗೋಲಿನಿಂದ ಅವನ ಕಡೆಗೆ ತಳ್ಳಿದಳು.

"ಇಲ್ಲೇ, ಈ ಹೊಲಕ್ಕೆ. ತೆಂಕಣ ಮರಳಿಗೆ ನಿನ್ನೆ ಪಾಚಿ ಬಂದು ಬಿದ್ದಿದೆ. ಬಿಸಿಲಿಗೆ ಒಣಗೋಕೆ ಮೊದಲು ತರ್ಬೇಕು. ಡಾಕ್ಟ್ರೇ, ನಿನಗೂ ಒಂದು ಬುಟ್ಟಿ ಇದೆ, ಒಳಗೆ ಬಾಗಿಲ ಹಿಂದೆ."

ಅವಳು ಮುಂದಾಗಿ ಇಳಿಜಾರಿಗೆ ಹೊರಟಳು. ಮೊಣಕಾಲು ಬೇಡವೆಂದಿತು.

"ಅರ್ಧ ತುಂಬಿಸ್ಕೊಂಡು ಬಂದ್ರೆ ವಾಪಸ್ ಕಳಿಸ್ತೀನಿ, ಫೆಸ್ಟಿ," ಎಂದು ಗಾಳಿಯ ಮೇಲೆ ಕೂಗಿ ಹೇಳಿದಳು. "ಅಂಚಿನವರೆಗೆ ಬೇಕು."